ಬೆಡ್ ಹುಡುಕುವುದು ಬಾಣಂತಿ ಮನೆಯವರ ಕೆಲಸವೇ?

ಮೆಡಿಕಲ್ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು 2023ರಲ್ಲಿ ರಾಮನಗರ ಬಂದ್ ಆಯಿತು. ಅದಕ್ಕೂ ಮುಂಚೆ ಕನಕಪುರದ ಕಾಲೇಜು ಚಿಕ್ಕಬಳ್ಳಾಪುರದ ಪಾಲಾಯಿತೆಂದು ದೊಡ್ಡ ಜಗಳ. ಆಮೇಲೆ ಜಿಲ್ಲೆಯ ಹೆಸರು ರಾಮನಗರವೋ ಬೆಂಗಳೂರು ದಕ್ಷಿಣವೋ ಎಂಬ ರಂಪ. ಈ ಕೂಗಾಟದ ನಡುವೆ ಅದೇ ಜಿಲ್ಲೆಯ ಚನ್ನಪಟ್ಟಣದ ಹೆರಿಗೆ ವಾರ್ಡಿನ ಹೊರಗೆ ನಿಂತ ಅಪ್ಪನ ಪ್ರಶ್ನೆಗೆ ಕಿವಿಗೊಟ್ಟವರು ಕಡಿಮೆ: ಉಸಿರಿಗೆ ಒದ್ದಾಡುತ್ತಿರುವ ಈ ಕೂಸನ್ನು ಈಗ ಎಲ್ಲಿಗೆ ಒಯ್ಯಲಿ?

‘ದೊಡ್ಡಾಸ್ಪತ್ರೆಗೆ ತಗೊಂಡೋಗಿ’ ಅನ್ನುತ್ತಾರೆ. ಕೈಗೊಂದು ಚೀಟಿ ಬರುತ್ತದೆ, ಅದರಲ್ಲಿ ‘ಹೈಯರ್ ಸೆಂಟರ್’ ಎಂದಿರುತ್ತದೆ. ಯಾವ ಸೆಂಟರ್, ಅಲ್ಲಿ ಕೂಸನ್ನು ಬೆಚ್ಚಗಿಡುವ ವಾರ್ಮರ್ ಖಾಲಿ ಇದೆಯೇ, ವೆಂಟಿಲೇಟರ್ ಸಿಗುತ್ತದೆಯೇ? ಅದನ್ನು ಮನೆಯವರೇ ಹುಡುಕಿಕೊಳ್ಳಬೇಕು. ತಾಯಿ ಹೊಲಿಗೆ ಹಾಕಿಸಿಕೊಂಡು ಮಂಚದ ಮೇಲೆ, ಕೂಸು ಅಜ್ಜಿಯ ಮಡಿಲಲ್ಲಿ, ಅಪ್ಪನ ಫೋನು ಗೊತ್ತಿರುವ ನರ್ಸಿಗೆ, ಇಲ್ಲವೇ ಯಾರದೋ ಪಿಎಗೆ. ವಾಣಿವಿಲಾಸವೋ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೋ? ಬೆಂಗಳೂರು ಸುಮಾರು 60 ಕಿ.ಮೀ., ಮಂಡ್ಯ 40. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಜಾಗವಿದ್ದರೆ ಅಲ್ಲಿಗೇ ಹೋಗಬಹುದಲ್ಲ ಎಂದು ಹೇಳಬೇಕಾದವರು ಯಾರು?

ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಎನ್ನಬೇಡಿ. ಒಂದೂವರೆ ಕೆಜಿ ತೂಕದ ಕೂಸಿನ ಮೈಬಿಸಿ 36.5 ಡಿಗ್ರಿಗಿಂತ ಇಳಿದರೆ, ಬಿಸಿ ಉಳಿಸಿಕೊಳ್ಳಲು ಅದು ಮೈಯಲ್ಲಿರುವ ಅಷ್ಟಿಷ್ಟು ಸಕ್ಕರೆಯನ್ನೂ ಸುಟ್ಟುಕೊಳ್ಳುತ್ತದೆ, ಆಕ್ಸಿಜನ್ ಇನ್ನಷ್ಟು ಬೇಡುತ್ತದೆ, ಮೊದಲೇ ಸೋತಿದ್ದ ಉಸಿರು ಮತ್ತೂ ಸೋಲುತ್ತದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಅದೇ ಮೊದಲ ಎಚ್ಚರಿಕೆ. ಟವೆಲ್ಲಿನಲ್ಲಿ ಸುತ್ತಿ ಸೈರನ್ ಹಾಕಿ ನೂರರ ವೇಗದಲ್ಲಿ ಓಡಿಸಿದರೆ ಪಾದ ಬೆಚ್ಚಗಾಗದು. ಬೇರೇನೂ ಇಲ್ಲದಿದ್ದರೆ ಕೂಸನ್ನು ಬರಿಯೆದೆಗೆ ಅಪ್ಪಿಕೊಂಡು ಕೂರುವ ಕಾಂಗರೂ ಆರೈಕೆಯನ್ನಾದರೂ ಅಜ್ಜಿಗೆ ಹೇಳಿಕೊಟ್ಟು ಕಳಿಸಬೇಡವೇ?

ನಮಗೆ ರೋಮಾಂಚನ ತರುವುದು ‘ಝೀರೋ ಟ್ರಾಫಿಕ್’. 2020ರ ಫೆಬ್ರವರಿಯಲ್ಲಿ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದಾಗ ರಾಜ್ಯವೇ ಚಪ್ಪಾಳೆ ತಟ್ಟಿತು. ಚಾಲಕನಿಗೆ ಆ ಚಪ್ಪಾಳೆ ಸಲ್ಲಬೇಕಾದದ್ದೇ. ಆದರೆ ಗಾಡಿ ಹೊರಡುವ ಮುಂಚೆಯೇ ಯಾವ ಆಸ್ಪತ್ರೆಯ ಬಾಗಿಲಿಗೆ ಹೋಗಬೇಕೆಂಬುದು ಗೊತ್ತಿತ್ತಲ್ಲ, ಅದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಹಸುಗೂಸುಗಳಿಗೆ ಹೀಗೆ ಮೊದಲೇ ಆಸ್ಪತ್ರೆ ಗೊತ್ತುಮಾಡುವ ವ್ಯವಸ್ಥೆಯನ್ನು 1979ರಲ್ಲೇ ಶುರುಮಾಡಿತು. ಕಳಿಸುವ ವೈದ್ಯರದು ಒಂದೇ ಕರೆ. ಅದರಲ್ಲೇ ತಜ್ಞರ ಸಲಹೆ, ಬೆಡ್ಡು, ಇನ್‌ಕ್ಯುಬೇಟರ್ ಸಮೇತ ಬರುವ ತಂಡ ಎಲ್ಲವೂ. ಅಷ್ಟು ದೂರ ಯಾಕೆ? ಹೃದಯದ ತೊಂದರೆಯೊಂದಿಗೆ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆ ಗೊತ್ತುಮಾಡುವ ‘ಹೃದ್ಯಂ’ ಕೇರಳದಲ್ಲಿ 2017ರಿಂದ ಇದೆ. ತಮಿಳುನಾಡಿನ 108ರಲ್ಲಿ ನವಜಾತ ಶಿಶುಗಳಿಗೆಂದೇ ಆ್ಯಂಬುಲೆನ್ಸ್‌ಗಳಿವೆ. ನಮ್ಮಲ್ಲೂ 108 ಬಂದದ್ದು 2008ರಲ್ಲಿ. ಕಾಯಿಲೆಬಿದ್ದ ಹಸುಗೂಸಿಗೆ ಉಚಿತ ಸಾಗಾಟವನ್ನು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲೇ ಹಕ್ಕಾಗಿಸಿತು. ಗಾಡಿ ಪುಕ್ಕಟೆ ಸಿಕ್ಕಿ ಬಾಗಿಲಿಂದ ಬಾಗಿಲಿಗೆ ಅಲೆದರೆ ಅದೆಂಥ ಹಕ್ಕು?

ಅಂಥ ಒಂದೇ ಕರೆಯ ವ್ಯವಸ್ಥೆ ನಮಗೂ ಬೇಕು ಎಂದರೆ, ಬೆಡ್ಡುಗಳ ಲೆಕ್ಕ ಒಂದೆಡೆ ಸಿಕ್ಕರೆ ದಂಧೆ ಶುರುವಾಗುತ್ತದೆ ಎನ್ನುವವರಿದ್ದಾರೆ. ಕೋವಿಡ್ ಕಾಲದ ಬಿಬಿಎಂಪಿ ವಾರ್ ರೂಮುಗಳ ಸುತ್ತ 2021ರಲ್ಲಿ ಎದ್ದ ಬೆಡ್ ಬ್ಲಾಕಿಂಗ್ ಹಗರಣ ಯಾರಿಗೆ ಮರೆತಿದೆ? ಆದರೆ ಬೆಡ್ಡನ್ನು ಒಂದೆಡೆಯಿಂದ ಹಂಚಬಹುದೆಂದು ತೋರಿಸಿದ್ದೂ ಅದೇ ವ್ಯವಸ್ಥೆ. ಯಾವ ಆಸ್ಪತ್ರೆ ಎಷ್ಟು ಹೊತ್ತಿಗೆ ಒಪ್ಪಿತು, ಯಾವುದು ಇಲ್ಲವೆಂದಿತು ಎಂಬ ದಾಖಲೆಯನ್ನು ಸಾರ್ವಜನಿಕರ ಮುಂದಿಟ್ಟರೆ ಕಳ್ಳಾಟಕ್ಕೆ ಜಾಗ ಕಿರಿದಾಗುತ್ತದೆ. ಇನ್ನು, ಹೆರಿಗೆ ಕಷ್ಟವಾಗಬಹುದೆಂದು ಮೊದಲೇ ಗೊತ್ತಿದ್ದರೆ ತಾಯಿಯನ್ನೇ ಮುಂಚೆ ಕಳಿಸಬೇಕು. ಬಸಿರಿಗಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ.

ಒಂದೇ ಕರೆಯ ಆ ವ್ಯವಸ್ಥೆ ಬರುವವರೆಗೆ ಆರೋಗ್ಯ ಇಲಾಖೆ ಒಂದು ಸುತ್ತೋಲೆಯನ್ನಾದರೂ ಹೊರಡಿಸಲಿ. ಕೂಸನ್ನು ಸ್ವೀಕರಿಸಲು ಒಪ್ಪಿದ ವೈದ್ಯರ ಹೆಸರು, ಒಪ್ಪಿದ ಸಮಯ ಚೀಟಿಯಲ್ಲಿ ಇಲ್ಲದೆ ತಾಲ್ಲೂಕು ಆಸ್ಪತ್ರೆಯಿಂದ ಗಾಡಿ ಹೊರಡಕೂಡದು. ಆ ಫೋನು ಮಾಡಬೇಕಾದವರು ಕರ್ತವ್ಯದಲ್ಲಿರುವ ವೈದ್ಯರು. ಉತ್ತರ ಬರುವವರೆಗೆ ಕೂಸು ವಾರ್ಮರಿನಲ್ಲಿ, ಆಕ್ಸಿಜನ್ನಿನ ಆಸರೆಯಲ್ಲಿ ಇರಲಿ.