ಪದವಿ ಕೈಯಲ್ಲಿ, ಊರು ಯಾರ ಕೈಯಲ್ಲಿ?

ಪ್ರತಿ ವರ್ಷ ಕಾಲೇಜುಗಳು ಸುರುವಾಗುವ ಹೊತ್ತಿಗೆ ನಮ್ಮ ಜಿಲ್ಲೆಯ ವೇದಿಕೆಗಳ ಮೇಲಿಂದ ಒಂದು ಉಪದೇಶ ತಪ್ಪದೆ ಕೇಳಿಬರುತ್ತದೆ. ವಿದ್ಯಾರ್ಥಿಗಳು ರಾಜಕಾರಣದಿಂದ ದೂರವಿರಬೇಕಂತೆ. ಓದು ಮುಗಿಸಿ ಆಮೇಲೆ ಒಳ್ಳೆಯ ನಾಗರಿಕರಾಗಬೇಕಂತೆ. ಹೇಳುವವರು ಯಾರು? ನೂರಕ್ಕೆ ತೊಂಬತ್ತು ಪಾಲು ರಾಜಕಾರಣಿಗಳೇ. ತಮಗೆ ಹಾರ, ಮೋಟಾರು, ಬಂಗಲೆ ಎಲ್ಲವನ್ನೂ ಕೊಟ್ಟ ಕಸುಬು ಇತರರ ಮಕ್ಕಳಿಗೆ ವಿಷವಾಗುತ್ತದೆಂದು ಇವರಿಗೆ ಹೇಗೆ ಗೊತ್ತಾಯಿತು? ತಮ್ಮ ಸ್ವಂತ ಮಕ್ಕಳಿಗೆ ಈ ಉಪದೇಶ ಮಾಡಿದ ಪುಢಾರಿಯೊಬ್ಬನನ್ನು ನಾನು ಇದುವರೆಗೆ ಕಂಡಿಲ್ಲ. ಈಜು ಬಂದ ಮೇಲೆ ನೀರಿಗಿಳಿ ಎಂದು ಹೇಳಿದಂತೆ ಈ ಮಾತು. ಹಾಗೆ ಹೇಳಿಸಿಕೊಂಡವನು ದಂಡೆಯ ಮೇಲೆಯೇ ಮುದುಕನಾಗುತ್ತಾನೆ.

ಈಚೆಗೆ ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ರೈಲಿನಲ್ಲಿ ಬರುತ್ತಿದ್ದೆ. ಎದುರಿಗೆ ಐದಾರು ಜನ ಹುಡುಗರು, ಎಲ್ಲರೂ ನಮ್ಮ ಸುತ್ತಿನ ಹಳ್ಳಿಯವರು. ಒಬ್ಬ ಧಾರವಾಡದಲ್ಲಿ ಎಂ.ಎ., ಅದೂ ರಾಜ್ಯಶಾಸ್ತ್ರ. ಮಾತಿಗೆ ಮಾತು ಬಂತು. ಬ್ರಿಟನ್ನಿನ ಪಾರ್ಲಿಮೆಂಟಿಗೂ ಅಮೇರಿಕದ ಕಾಂಗ್ರೆಸ್ಸಿಗೂ ಏನು ಭೇದವೆಂದು ಅವನು ಬಹಳ ಚೆನ್ನಾಗಿ ಬಿಡಿಸಿ ಹೇಳಿದ. ನನಗೂ ನಾಲ್ಕು ಹೊಸ ಸಂಗತಿ ತಿಳಿದವು. ಆಮೇಲೆ ನಾನು ಕೇಳಿದೆ: "ತಮ್ಮಾ, ನಿಮ್ಮೂರ ಗ್ರಾಮಸಭಾ ಯಾವಾಗ ಆತು?" ಅವನು ನಕ್ಕು, "ಅದನ್ನ ನಮ್ಮಪ್ಪನ್ನ ಕೇಳಬೇಕ್ರಿ" ಎಂದ. ಅವನ ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿರುವುದು ಪಂಚಾಯಿತಿಯ ಕಾರ್ಯದರ್ಶಿಗೂ ನಾಲ್ಕು ಮಂದಿ ಗುತ್ತಿಗೆದಾರರಿಗೂ ಮಾತ್ರ.

ಈ ಹುಡುಗನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವನು ಹೀಗಾದುದಕ್ಕೆ ಕಾರಣಗಳುಂಟು. ಒಂದು ಮುಖ್ಯ ಕಾರಣಕ್ಕೆ ವರ್ಷವೂ ಉಂಟು, 1989.

ಆ ವರ್ಷ ನಡೆದ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚಿಯಲ್ಲಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟರ ಹುಡುಗ, ಹುಡುಗಿ ದೇಶದ ಸರಕಾರವನ್ನು ಆರಿಸಲು ಯೋಗ್ಯರೆಂದು ಪಾರ್ಲಿಮೆಂಟು ಸಾರಿತು. ಅದೇ ವರ್ಷ ನಮ್ಮ ಕರ್ನಾಟಕದಲ್ಲಿ ಕಾಲೇಜುಗಳ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ನಿಲ್ಲಿಸಲಾಯಿತು. ಅಂದರೆ ಪ್ರಧಾನಮಂತ್ರಿಯನ್ನು ತರುವುದಕ್ಕೂ ಇಳಿಸುವುದಕ್ಕೂ ಬುದ್ಧಿ ಬಂದವನಿಗೆ ತನ್ನ ವರ್ಗದ ಪ್ರತಿನಿಧಿಯನ್ನು ಆರಿಸಲು ಬುದ್ಧಿಯಿಲ್ಲ! 21 ತುಂಬಿದವನು ಗ್ರಾಮ ಪಂಚಾಯಿತಿಯ ಸದಸ್ಯನಾಗಿ ಸರಕಾರದ ಹಣವನ್ನು ಹಂಚಬಹುದು. ಅದೇ ಮನುಷ್ಯ ಎಂ.ಎ. ವರ್ಗದಲ್ಲಿ ಕುಳಿತರೆ ಅವನ ಪರವಾಗಿ ಮಾತಾಡುವವನನ್ನು ಪ್ರಾಧ್ಯಾಪಕರು ಅಂಕಪಟ್ಟಿ ನೋಡಿ ಗೊತ್ತುಪಡಿಸುತ್ತಾರೆ. ಹೆಚ್ಚು ಅಂಕ ಬಂದವನು ಪ್ರತಿನಿಧಿ! ಈ ನ್ಯಾಯವನ್ನು ವಿಧಾನಸಭೆಗೆ ಹಚ್ಚಿದರೆ ಅಲ್ಲಿ ಎಷ್ಟು ಕುರ್ಚಿ ಉಳಿದಾವು?

ಚುನಾವಣೆ ನಿಲ್ಲಿಸಿದವರಿಗೂ ಒಂದು ವಾದವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾಲೇಜು ಚುನಾವಣೆಗಳಲ್ಲಿ ಹೊಡೆದಾಟವಾಗುತ್ತಿತ್ತು, ಹಣ ಚೆಲ್ಲುತ್ತಿದ್ದರು, ಜಾತಿಯ ಲೆಕ್ಕ ಹಾಕುತ್ತಿದ್ದರು, ಹೊರಗಿನ ಪುಂಡರು ಬರುತ್ತಿದ್ದರು. ಇವೆಲ್ಲ ಸುಳ್ಳಲ್ಲ. ಆದರೆ ನಾನು ಕೇಳುತ್ತೇನೆ: ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ತಲೆ ಒಡೆದಿಲ್ಲವೇ? ಹಣ ಚೆಲ್ಲಿಲ್ಲವೇ? ಜಾತಿಯ ಲೆಕ್ಕವಿಲ್ಲದೆ ಯಾವ ಪಕ್ಷ ಟಿಕೇಟು ಕೊಟ್ಟಿದೆ? ಹಾಗಿದ್ದರೆ ಅವನ್ನೂ ಮುಚ್ಚಿಬಿಡಲಿ. ಹೊಲದಲ್ಲಿ ಕಸ ಬೆಳೆಯಿತೆಂದು ಬಿತ್ತುವುದನ್ನೇ ಬಿಟ್ಟ ಒಕ್ಕಲಿಗನನ್ನು ಯಾರೂ ಜಾಣನೆನ್ನುವುದಿಲ್ಲ. ಕಸ ತೆಗೆಯುವ ದಾರಿಯನ್ನು ಲಿಂಗ್ಡೋ ಸಮಿತಿ 2006ರಲ್ಲಿಯೇ ತೋರಿಸಿತು. ಅಭ್ಯರ್ಥಿಯ ಖರ್ಚು 5000 ರೂಪಾಯಿ ಮೀರಕೂಡದು, ಹಾಜರಿ ನೂರಕ್ಕೆ 75 ಇರಬೇಕು, ವಯಸ್ಸಿಗೆ ಮಿತಿ, ಅಚ್ಚು ಹಾಕಿಸಿದ ಭಿತ್ತಿಪತ್ರವಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ಆ ಶಿಫಾರಸುಗಳನ್ನು ಜಾರಿಗೆ ತರಲು ಆಜ್ಞೆ ಮಾಡಿತು. ದಿಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಮತ ಹಾಕುತ್ತಾರೆ, ನೆರೆಯ ಕೇರಳದಲ್ಲಿ ಹಾಕುತ್ತಾರೆ. ನಮ್ಮಲ್ಲಿ ಮಾತ್ರ ಸರಕಾರಗಳು ಬಂದವು, ಹೋದವು, ಮತದ ಪೆಟ್ಟಿಗೆಯನ್ನು ಕಾಲೇಜಿನ ಹೊರಗಿಟ್ಟುಕೊಂಡೇ ಮೂರು ದಶಕಗಳನ್ನು ದಾಟಿಸಿದವು. ಮೂರೂ ದೊಡ್ಡ ಪಕ್ಷಗಳಿಗೆ ಈ ಒಂದು ವಿಷಯದಲ್ಲಿ ಮಾತ್ರ ಎಂಥ ಒಮ್ಮತ!

ಇದರಿಂದ ರಾಜಕಾರಣ ಕಾಲೇಜಿನಿಂದ ಹೊರಗೆ ಹೋಯಿತೇ? ಇಲ್ಲ. ಹೋದದ್ದು ಚುನಾವಣೆ. ಬಾವುಟ ಹಿಡಿಯಲು, ಮೋಟಾರ್ ಸೈಕಲ್ ಮೆರವಣಿಗೆ ತೆಗೆಯಲು, ನಾಯಕರ ಹುಟ್ಟುಹಬ್ಬಕ್ಕೆ ಹಲಗೆ ಕಟ್ಟಲು ಎಲ್ಲ ಪಕ್ಷಗಳಿಗೂ ವಿದ್ಯಾರ್ಥಿಗಳು ಬೇಕು. ಪ್ರಶ್ನೆ ಕೇಳುವ ವಿದ್ಯಾರ್ಥಿ ಮಾತ್ರ ಬೇಡ. ಈ ಪಾಪದಲ್ಲಿ ನಮ್ಮ ಪಕ್ಷದ ಪಾಲೂ ಇದೆಯೆಂಬುದನ್ನು ಇದೇ ಪತ್ರಿಕೆಯಲ್ಲಿ ಬರೆಯಲು ನನಗೆ ಸಂಕೋಚವಿಲ್ಲ. ನಾವೂ ಸಭೆಗೆ ಜನ ಕಡಿಮೆಯಾದಾಗ ವಸತಿಗೃಹಗಳ ಕಡೆಗೆ ಓಡಿದವರೇ. ಆ ಹುಡುಗರಿಗೆ ಕುರ್ಚಿ ಕೊಟ್ಟೆವು, ಚಹಾ ಕೊಟ್ಟೆವು, ಠರಾವಿನ ಪ್ರತಿ ಕೊಡಲಿಲ್ಲ.

ಈಗ ನಮ್ಮ ತಾಲೂಕಿನ ಒಂದು ಲೆಕ್ಕ ಹೇಳುತ್ತೇನೆ. ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. ಆಗ ಅಣ್ಣಿಗೇರಿ ನವಲಗುಂದ ತಾಲೂಕಿನಲ್ಲಿಯೇ ಇತ್ತು. ಬಳಿಕ ಅಣ್ಣಿಗೇರಿಯೇ ತಾಲೂಕಾಯಿತು, ಹಲಗೆ ಬರೆಸಿದರು, ಪೇಢೆ ಹಂಚಿದರು. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಚುನಾವಣೆಯಾಗಬೇಕಿತ್ತು, ಆಗಲಿಲ್ಲ. 2022 ಹೋಯಿತು, 2023 ಹೋಯಿತು, 2024ನ್ನೂ ಕಳೆದರು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ನೆವಗಳಿಗೇನು ಬರವಿಲ್ಲ. ಆಡಳಿತವನ್ನು ಅಧಿಕಾರಿಗಳೇ ನಡೆಸಿದರು. 2017ರಲ್ಲಿ ಹದಿನೆಂಟು ತುಂಬಿದ ಹಳ್ಳಿಯ ಹುಡುಗಿ ಬಿ.ಎ. ಮುಗಿಸಿ, ಎಂ.ಎ. ಮುಗಿಸಿ, ಮದುವೆಯಾಗಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದರೂ ತನ್ನ ತಾಲೂಕು ಪಂಚಾಯಿತಿಗೆ ಒಂದು ಮತ ಹಾಕಿರಲಿಲ್ಲ. ವಿಧಾನಸಭೆಯ ಚುನಾವಣೆಯನ್ನು ಹೀಗೆ ಒಂದು ವರ್ಷ ಮುಂದೂಡಿದ್ದರೆ ದೇಶವೇ ಕೂಗುತ್ತಿತ್ತು. ಇದಕ್ಕೆ ಧಾರವಾಡದ ಯಾವ ಕಾಲೇಜಿನ ಮುಂದೆ ಎಷ್ಟು ವಿದ್ಯಾರ್ಥಿಗಳು ನಿಂತು ಘೋಷಣೆ ಕೂಗಿದರು? ನಾನಂತೂ ಕಾಣೆ.

ಹೀಗಿರುವಲ್ಲಿ ವಿದ್ಯಾರ್ಥಿ ಮಿತ್ರರು ಕೇಳುವುದು ಸಹಜ: "ನಾವು ಮಾಡಬೇಕಾದ್ದಾದರೂ ಏನು? ಘೋಷಣೆ ಕೂಗಿದರೆ ಹೊಟ್ಟೆ ತುಂಬುತ್ತದೆಯೇ?" ಹೊಟ್ಟೆಯ ಮಾತನ್ನೇ ಆಡೋಣ.

ನಮ್ಮದು ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ, ನಡುವೆ ಹತ್ತಿ, ಮೆಣಸಿನಕಾಯಿ. ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ಗಿಡದಲ್ಲಿಯೇ ಮೊಳೆಯುತ್ತದೆ. ಬೆಣ್ಣಿಹಳ್ಳ ಮೈದುಂಬಿದರೆ ಆ ಮಾತೇ ಬೇಡ. ಇದಕ್ಕೆಂದು 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಮುಂಗಾರಿನ ಕಾಳು ಬೆಳೆಗೆ ರೈತ ವಿಮೆ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5 ಕಟ್ಟುತ್ತಾನೆ. ಕಟ್ಟಿದ ಮೇಲೆ ಏನಾಗುತ್ತದೆ? ಪರಿಹಾರ ಬಂದರೆ ದೇವರ ದಯೆ, ಬಾರದಿದ್ದರೆ ಹಣೆಬರಹ ಎಂದು ಅವನು ಸುಮ್ಮನಾಗುತ್ತಾನೆ. ಇದರಲ್ಲಿ ದೇವರೂ ಇಲ್ಲ, ಹಣೆಬರಹವೂ ಇಲ್ಲ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಬೆಳೆ ಕೊಯ್ಲಿನ ಪ್ರಯೋಗವಾಗಬೇಕು. ಅಳತೆ ಮಾಡಿದ ತುಂಡಿನಲ್ಲಿ ಬೆಳೆ ಕೊಯ್ದು, ಒಣಗಿಸಿ, ತೂಗಿ ಬರೆದುಕೊಳ್ಳುತ್ತಾರೆ. ಅದರಿಂದ ಬಂದ ಸರಾಸರಿ ಇಳುವರಿಯು ಮೊದಲೇ ಗೊತ್ತುಮಾಡಿದ ಇಳುವರಿಗಿಂತ ಎಷ್ಟು ಕಡಿಮೆಯೋ ಅಷ್ಟು ಪ್ರಮಾಣದಲ್ಲಿ ಇಡೀ ಪಂಚಾಯಿತಿಗೆ ಪರಿಹಾರ. ಅಂದರೆ ಸಾವಿರಾರು ಎಕರೆಯ ಭವಿಷ್ಯ ನಿಂತಿರುವುದು ಆ ನಾಲ್ಕು ತುಂಡುಗಳ ಮೇಲೆ, ಅವನ್ನು ತೂಗಿದ ತಕ್ಕಡಿಯ ಮೇಲೆ.

ಈಗ ಹೇಳಿರಿ. ಸಂಖ್ಯಾಶಾಸ್ತ್ರ ಓದುವ ಹುಡುಗನಿಗೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಯಾವುದು ಬೇಕು? ಆ ಕೊಯ್ಲು ನಡೆಯುವುದು ಬಯಲಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಅಲ್ಲ. ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ, ಎಷ್ಟು ತೂಕ ಬಂತು ಎಂದು ಬರೆದಿಟ್ಟುಕೊಳ್ಳಲು ಒಂದು ವಹಿ, ಒಂದು ಪೆನ್ಸಿಲು ಸಾಕು. ಕಚೇರಿಯ ಲೆಕ್ಕ ಬೇರೆ ಬಂದರೆ ಮಾಹಿತಿ ಹಕ್ಕಿನ 2005ರ ಕಾಯದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಶಬ್ದಗಳೊಳಗೆ ಇರಬೇಕು. ನೂರೈವತ್ತು ಶಬ್ದಗಳಲ್ಲಿ ಒಂದು ಪ್ರಶ್ನೆಯನ್ನು ನೆಟ್ಟಗೆ ಬರೆಯುವುದು ಪದವೀಧರನಿಗೂ ಸುಲಭವಲ್ಲ, ಮಾಡಿ ನೋಡಿದರೆ ತಿಳಿಯುತ್ತದೆ. ಓದಿದ ಮಗ ಮನೆಯಲ್ಲಿದ್ದೂ ಅಪ್ಪ ವಿಮೆಯ ಕಾಗದ ಹಿಡಿದು ಏಜೆಂಟನ ಮನೆಯ ಕಟ್ಟೆಯ ಮೇಲೆ ಕೂಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದೃಶ್ಯ ನೋಡಿದ ಮೇಲೆಯೇ ಈ ಲೇಖನ ಬರೆಯಬೇಕೆನ್ನಿಸಿತು.

ನೀವು ಏನೂ ಮಾಡುತ್ತಿಲ್ಲವೆಂದು ನಾನು ಹೇಳುವುದಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯವರು ಹಳ್ಳಿಗೆ ಬಂದು ಏಳು ದಿನ ಶಿಬಿರ ಹೂಡುತ್ತಾರೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ಪ್ರಾರಂಭವಾದ ಯೋಜನೆ ಅದು. ಗುಡಿಯ ಅಂಗಳ ಗುಡಿಸುತ್ತಾರೆ, ಗಿಡ ನೆಡುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಗುಡಿಸಲಿ, ಬೇಡವೆನ್ನುವುದಿಲ್ಲ. ಆದರೆ ಎಂಟನೆಯ ದಿನ ಅದೇ ಅಂಗಳವನ್ನು ಗುಡಿಸುವ ಹೆಣ್ಣುಮಗಳಿಗೆ ಪಗಾರ ಎಷ್ಟು, ಎಷ್ಟು ತಿಂಗಳ ಪಗಾರ ಬಾಕಿ ಎಂದು ಕೇಳಿದ ಶಿಬಿರ ಯಾವುದು? ಬರೀ ಕಸಬರಿಗೆ ಹಿಡಿದರೆ ಶಿಬಿರದ ವರದಿ ಒಪ್ಪವಾಗುತ್ತದೆ. ಆ ಪ್ರಶ್ನೆ ಕೇಳಿದರೆ ಕಾರ್ಯಕ್ರಮಾಧಿಕಾರಿಗೆ ಫೋನು ಬರುತ್ತದೆ. ನಾನು ಮಾಸ್ತರನಾಗಿದ್ದಾಗ ಇಂಥ ಫೋನು ನನಗೂ ಬಂದಿತ್ತು. ಶಾಲೆಯ ಹೆಸರು ಬೇಡ. ಮಳೆಗೆ ಸೋರುವ ಕೋಣೆಯ ವಿಷಯವನ್ನು ಏಳನೆಯ ಇಯತ್ತೆಯ ಮಕ್ಕಳಿಂದಲೇ ಗ್ರಾಮಸಭೆಯಲ್ಲಿ ಓದಿಸಿದ್ದೆ. "ಮಾಸ್ತರೇ, ನಿಮ್ಮ ಕೆಲಸ ಕಲಿಸುವುದು" ಎಂದರು. ಅದನ್ನೇ ಅಲ್ಲವೇ ಮಾಡಿದ್ದು ಎಂದೆ. ಮುಂದಿನ ವರ್ಷ ನಾನು ಅಲ್ಲಿರಲಿಲ್ಲ.

ಈ ಸೀಮೆಯ ನೆಲಕ್ಕೆ ಸುಮ್ಮನಿರುವ ರೂಢಿಯಿಲ್ಲ. 1942ರಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಶಾಲೆಯ ಬಾಲಕ. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡರು ಉಪವಾಸ ಕೂತಾಗ ಹುಬ್ಬಳ್ಳಿ ಹೊತ್ತಿಕೊಂಡಿತು. ನೀರು ಕಾಣದ ಹೊಲಕ್ಕೂ ಮಲಪ್ರಭೆಯ ಹೆಸರಿನಲ್ಲಿ ಅಭಿವೃದ್ಧಿ ಕರ ಹೇರಿದಾಗ, 1980ರ ಜುಲೈ 21ರಂದು, ನವಲಗುಂದದಲ್ಲಿ ಬಸಪ್ಪ ಲಕ್ಕುಂದಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಎದೆಯೊಡ್ಡಿದರು. 2016ರಲ್ಲಿ ಮಹಾದಾಯಿಯ ನೀರಿಗಾಗಿ ಜನ ಬೀದಿಗಿಳಿದಾಗ ಯಮನೂರಿನಲ್ಲಿ ಹೆಂಗಸರು, ಮುದುಕರು ಎನ್ನದೆ ಲಾಠಿ ಬೀಸಿತು. ಓದಿದವರು ಇದನ್ನೆಲ್ಲ ವರ್ಷಕ್ಕೊಮ್ಮೆ ಹುತಾತ್ಮರ ಕಲ್ಲಿಗೆ ಹೂವು ಏರಿಸುವಾಗ ನೆನೆಯುತ್ತಾರೆ. ನನ್ನ ತಕರಾರು ಇಷ್ಟೇ: ಮಹಾದಾಯಿ ನ್ಯಾಯಾಧಿಕರಣ 2018ರಲ್ಲಿ ಕರ್ನಾಟಕಕ್ಕೆ ಕೊಟ್ಟ 13.42 ಟಿ.ಎಂ.ಸಿ.ಯಲ್ಲಿ ಮಲಪ್ರಭೆಗೆ ತಿರುಗಿಸಬಹುದಾದ್ದು ಎಷ್ಟು, ಅದರಲ್ಲಿ ಕಳಸಾ ಎಷ್ಟು, ಬಂಡೂರಿ ಎಷ್ಟು ಎಂದು ಹೊಲದ ಬದುವಿನ ಮೇಲೆ ನಿಂತು ಹೇಳಬಲ್ಲ ಪದವೀಧರರು ನಮ್ಮ ತಾಲೂಕಿನಲ್ಲಿ ಎಷ್ಟು ಜನ? ಉತ್ತರ 3.9, ಅದರಲ್ಲಿ 1.72 ಮತ್ತು 2.18. ಈ ಅಂಕಿ ಗೊತ್ತಿಲ್ಲದವನಿಗೆ ಯಾವ ಮಂತ್ರಿ ಬೇಕಾದರೂ ಯಾವ ಭರವಸೆ ಬೇಕಾದರೂ ಮಾರಬಹುದು.

ಸಣ್ಣ ವಿಷಯ ಹಿಡಿದರೆ ಸಣ್ಣವರಾಗುತ್ತೇವೆಂಬ ಹೆದರಿಕೆ ಬೇಡ. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಎತ್ತಿದ್ದು ಮೆಸ್ಸಿನ ಊಟದ ಬಿಲ್ಲಿನ ಪ್ರಶ್ನೆ. ಮೆಸ್ಸಿನ ಬಿಲ್ಲು ಏಕೆ ಏರಿತು? ಎಣ್ಣೆಯ ದರ ಏರಿತು. ಎಣ್ಣೆಯ ದರ ಏಕೆ ಏರಿತು? ಹೀಗೆ ಕೇಳುತ್ತ ಹೋದವರು 1974ರ ಫೆಬ್ರುವರಿಯಲ್ಲಿ ಚಿಮನಭಾಯಿ ಪಟೇಲರ ಮಂತ್ರಿಮಂಡಲದ ಬಾಗಿಲಿಗೆ ಹೋಗಿ ಮುಟ್ಟಿದರು. ಮಂತ್ರಿಮಂಡಲ ಬಿತ್ತು. ಬಸ್ಸು ನಿಲ್ಲಿಸಲಿಲ್ಲವೆಂದು ನೀವು ರಸ್ತೆಗೆ ಅಡ್ಡ ಕೂತು, ಫೌಜದಾರ ಬಂದು ಸಮಾಧಾನ ಹೇಳಿದೊಡನೆ ಎದ್ದು ಹೋಗುತ್ತೀರಲ್ಲ, ಅಲ್ಲಿಂದ ಒಂದು ಪ್ರಶ್ನೆ ಮುಂದಕ್ಕೆ ಹೋಗಿ ನೋಡಿರಿ. ಈ ಮಾರ್ಗಕ್ಕೆ ಎಷ್ಟು ಬಸ್ಸು ಮಂಜೂರಾಗಿದ್ದವು, ಎಷ್ಟು ಓಡುತ್ತಿವೆ?

ಇನ್ನು ಮತದ ಪಟ್ಟಿಯ ಮಾತು. 2024ರ ಲೋಕಸಭಾ ಚುನಾವಣೆಗೆ ದೇಶದಲ್ಲಿ 18, 19 ವರ್ಷದವರಲ್ಲಿ ಹೆಸರು ಬರೆಸಿದವರು ಸುಮಾರು 1.8 ಕೋಟಿ. ಆ ವಯಸ್ಸಿನವರ ಅರ್ಧವೂ ಆಗಲಿಲ್ಲ. ಜನವರಿ ಒಂದರ ತನಕ ಕಾಯಬೇಕೆಂಬ ಹಳೆಯ ನೆವವೂ ಈಗಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಖು ನಾಲ್ಕೂ ಅರ್ಹತೆಯ ದಿನಗಳಾಗಿವೆ, 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು.

ಪದವಿ ಮುಗಿಸಿ ಮೂರು ವರ್ಷವಾದ ನಿಮ್ಮ ಅಣ್ಣ, ಅಕ್ಕಂದಿರಿಗೆ ಇನ್ನೊಂದು ಮತವಿದೆ. ವಿಧಾನ ಪರಿಷತ್ತಿನ ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ನಾಲ್ಕೂ ಜಿಲ್ಲೆಗಳು ಅದರಲ್ಲಿವೆ. ಪದವಿ ಇದ್ದವನಿಗೆ ಎರಡು ಮತ, ಒಕ್ಕಲುತನದವನಿಗೆ ಒಂದು ಎಂಬುದು ಸಮಾಜವಾದಿಯಾದ ನನಗೆ ಒಪ್ಪಿಗೆಯಿಲ್ಲ. ಮ್ಯಾಟ್ರಿಕ್‌ವರೆಗೆ ಓದಿದವನಾದ್ದರಿಂದ ಹೊಟ್ಟೆಕಿಚ್ಚಿನ ಮಾತೆಂದೂ ತಿಳಿಯಬಹುದು. ಆದರೆ ಇರುವತನಕ ಅದನ್ನು ವ್ಯರ್ಥ ಮಾಡಬೇಡಿರಿ. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ, ಹಿಂದಿನ ಸಲ ಹೆಸರಿತ್ತೆಂದು ಮನೆಯಲ್ಲಿ ಕೂತವನ ಹೆಸರು ಇರುವುದಿಲ್ಲ. ನಮೂನೆ 18ನ್ನು ತುಂಬಬೇಕು, ಪದವಿ ಪ್ರಮಾಣಪತ್ರದ ನಕಲನ್ನು ಹಚ್ಚಬೇಕು. ಇದೊಂದು ಕೆಲಸವನ್ನು ಇದುವರೆಗೆ ಅಭ್ಯರ್ಥಿಗಳ ಹಿಂಬಾಲಕರು ಮನೆಮನೆಗೆ ಬಂದು ಮಾಡಿಕೊಟ್ಟು, ಆ ಉಪಕಾರಕ್ಕೆ ಮತವನ್ನು ಪಡೆದುಕೊಂಡು ಹೋಗುತ್ತಿದ್ದಾರೆ.

ರೈಲಿನಲ್ಲಿ ಸಿಕ್ಕ ಆ ಎಂ.ಎ. ಹುಡುಗ ಇಳಿಯುವಾಗ ನನ್ನ ಫೋನ್ ನಂಬರು ಬರೆದುಕೊಂಡಿದ್ದ. ಹದಿನೈದು ದಿನದ ಮೇಲೆ ಮಾತಾಡಿದ. ಪಂಚಾಯಿತಿಗೆ ಹೋಗಿ ಗ್ರಾಮಸಭೆಯ ನಡಾವಳಿಯ ವಹಿ ಕೇಳಿದನಂತೆ. ಹತ್ತರಲ್ಲಿ ಒಂದು ಪಾಲು ಮತದಾರರು ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕೆಂದು ಕಾಯದೆಯಲ್ಲಿ ಓದಿಕೊಂಡು ಹೋಗಿದ್ದ. ವಹಿಯಲ್ಲಿ ನೂರಾ ಹನ್ನೆರಡು ಸಹಿಗಳಿದ್ದವು. ಅವುಗಳಲ್ಲಿ ಒಂದು ಅವನದೇ. ಆ ದಿನ ತಾನು ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದೆನೆಂದು ಹೇಳಿ, "ಈಗ ಏನು ಮಾಡ್ಲಿ ಸರ?" ಎಂದು ಕೇಳಿದ. ಪರೀಕ್ಷೆಯ ಪ್ರವೇಶಪತ್ರವನ್ನು ಜೋಪಾನವಾಗಿಟ್ಟುಕೋ, ಸೋಮವಾರ ಬರುತ್ತೇನೆ ಎಂದಿದ್ದೇನೆ.