ನಮ್ಮ ಮನೆಯ ಮಂಡೂರು

ಮೊನ್ನೆ ಬೆಳಗ್ಗೆ ಕಸದ ಗಾಡಿ ಬಂದಾಗ, ರಾತ್ರಿಯೇ ಗಂಟು ಹಾಕಿಟ್ಟಿದ್ದ ಚೀಲವನ್ನು ನಾನೇ ಒಯ್ದು ಕೊಟ್ಟೆನು. ಪೌರಕಾರ್ಮಿಕ ಮಹಿಳೆ ಅದನ್ನು ಬಿಚ್ಚಿ, ಮುಸುರೆಯೊಳಗೆ ಕೈಯಿಟ್ಟು ಹಾಲಿನ ಕವರುಗಳನ್ನು ಆರಿಸತೊಡಗಿದರು. ಮರುಕ್ಷಣವೇ ಕೈಯನ್ನು ಹಿಂದಕ್ಕೆಳೆದುಕೊಂಡರು, ಬೆರಳಲ್ಲಿ ರಕ್ತ! ಹಿಂದಿನ ದಿನ ನಮ್ಮ ಮನೆಯಲ್ಲಿ ಒಡೆದ ಲೋಟದ ಚೂರು.

“ಗಾಜು ಬೇರೆ ಕೊಡಿ ಮೇಷ್ಟ್ರೇ, ನಮ್ಗೂ ಕೈ ಬೇಕಲ್ವಾ?” ಎಂದಷ್ಟೇ ನುಡಿದು ಆಕೆ ಮುಂದಿನ ಮನೆಗೆ ನಡೆದರು. ನಾನು ನಿಂತಲ್ಲೇ ನಿಂತೆ.

ದೊಡ್ಡಬಳ್ಳಾಪುರದವರಾದ ನಾವು ಬೆಂಗಳೂರಿನ ಕಸವನ್ನು ಕುರಿತು ಆಡದ ಮಾತಿಲ್ಲ. ಯಲಹಂಕದಾಚೆಯ ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯುವುದು ಗ್ರಾಮಸ್ಥರ ಪ್ರತಿಭಟನೆಯಿಂದ 2012ರಲ್ಲಿ ನಿಂತಿತು. ಹೊಸಕೋಟೆಯ ದಾರಿಗೆ ಸಮೀಪದ ಮಂಡೂರಿನಲ್ಲಿಯೂ ಜನರು ಲಾರಿಗಳಿಗೆ ಎದುರುನಿಂತರು. ಅಲ್ಲಿಯೂ 2014ರ ಡಿಸೆಂಬರಿನಲ್ಲಿ ನಿಂತಿತು. ಆಗೆಲ್ಲ ಹಳ್ಳಿಗರ ಪಕ್ಷ ವಹಿಸಿ ವಾದಿಸಿದವನು ನಾನು. ಈಗ ನೋಡಿದರೆ, ನನ್ನ ಚೀಲವೇ ಒಂದು ಪುಟ್ಟ ಮಂಡೂರಾಗಿತ್ತು!

ಕಾಗದ, ಸೀಸೆ, ತಗಡು ಇವು ಕಸವಲ್ಲ, ಮರಳಿ ಸರಕಾಗಬಲ್ಲ ವಸ್ತುಗಳು. ಆದರೆ ಸಾರಿನಲ್ಲಿ ನೆನೆದ ಕಾಗದ ಗುಜರಿಯವನಿಗೂ ಬೇಡ. ತರಕಾರಿ ಸಿಪ್ಪೆ ಬೇರೆಯಿದ್ದರೆ ಗೊಬ್ಬರ. ಪ್ಲಾಸ್ಟಿಕ್ಕಿನೊಡನೆ ರಾಶಿಬಿದ್ದು ಗಾಳಿಯಾಡದೆ ಕೊಳೆತರೆ ದುರ್ನಾತ, ಬೆಂಕಿ ಹೊತ್ತುವ ಮೀಥೇನ್ ಅನಿಲ, ಮಳೆನೀರಿನೊಡನೆ ನೆಲಕ್ಕಿಳಿದು ಬಾವಿಯನ್ನು ಕೆಡಿಸುವ ಕೊಳಚೆ. ಹಸಿ, ಒಣ, ಅಪಾಯಕರ ಎಂದು ಕಸವನ್ನು ಮನೆಯಲ್ಲಿಯೇ ಮೂರಾಗಿ ವಿಂಗಡಿಸಬೇಕೆಂದು 2016ರ ಕೇಂದ್ರ ನಿಯಮಗಳು ವಿಧಿಸಿದ್ದವು. ಅದು ಮಹಾನಗರದವರಿಗೆ ಮಾತ್ರವೆಂದು ನಾವು ಸುಮ್ಮನಿದ್ದೆವು.

ನಮ್ಮದು ಮಗ್ಗಗಳ ಊರು. ಬಣ್ಣಬಣ್ಣದ ನೂಲು ಸಿಕ್ಕಾದ ಮೇಲೆ ಬಿಡಿಸುವ ಕಷ್ಟವನ್ನು ಇಲ್ಲಿನ ಮಕ್ಕಳೂ ಬಲ್ಲರು. ಅದಕ್ಕೆಂದೇ ನೇಕಾರನು ಒಂದೊಂದನ್ನೂ ಮೊದಲೇ ಬೇರೆಬೇರೆ ಸುತ್ತಿಡುತ್ತಾನೆ. ಅಡುಗೆಮನೆಯಲ್ಲಿ ಅರೆನಿಮಿಷದಲ್ಲಿ ಮುಗಿಯುವ ಕೆಲಸವನ್ನು ನಾವು ಇನ್ನೊಬ್ಬರ ಬರಿಗೈಗೆ ಬಿಡುವುದು ಯಾವ ನ್ಯಾಯ?

ಈಗ ನಮ್ಮ ಅಡುಗೆಮನೆಯಲ್ಲಿ ಹಸಿ ಕಸಕ್ಕೊಂದು ಬಕೆಟ್ಟು, ಒಣ ಕಸಕ್ಕೊಂದು ಚೀಲ ಇವೆ. ಹಾಲಿನ ಕವರನ್ನು ತೊಳೆದು ಒಣಗಿಸುವುದು ನನ್ನ ಪಾಲಿನ ಕೆಲಸ. ಉಳಿದ ಗಾಜಿನ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಮರುದಿನ ಬಾಯಲ್ಲಿಯೂ ಹೇಳಿಯೇ ಕೊಟ್ಟೆನು. ಆಕೆ ಏನೂ ಅನ್ನದೆ ಪೊಟ್ಟಣವನ್ನು ಗಾಡಿಯ ಮೂಲೆಯಲ್ಲಿ ಜೋಪಾನವಾಗಿಟ್ಟರು. ಬೆರಳಿಗೆ ಸುತ್ತಿದ ಬಟ್ಟೆಯ ಪಟ್ಟಿ ಇನ್ನೂ ಹಾಗೆಯೇ ಇತ್ತು.