ಕೈಪಿಡಿ ಯಾರ ಕೈಯಲ್ಲಿ?

ಪ್ರವಾಸದ ವ್ಯಾನುಗಳನ್ನು ಮಾರುವವರ ಜಾಹೀರಾತುಗಳನ್ನು ನೀವೂ ನೋಡಿರಬಹುದು. ಬೆಟ್ಟ, ಮಂಜು, ಬೆಟ್ಟದ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ಒಂದು ಗಾಡಿ. ಮುಂದೆ ಸ್ಟೇರಿಂಗ್ ಹಿಡಿದ ಗಂಡಸು, ಹಿಂದೆ ಪುಟ್ಟ ಒಲೆಯ ಎದುರು ನಗುನಗುತ್ತ ನಿಂತ ಹೆಂಗಸು. ಕೆಳಗೆ ದಪ್ಪಕ್ಷರದಲ್ಲಿ 'ಸ್ವಾತಂತ್ರ್ಯ' ಎಂದಿರುತ್ತದೆ. ಯಾರ ಸ್ವಾತಂತ್ರ್ಯ ಎಂದು ಬರೆದಿರುವುದಿಲ್ಲ. ಹಾಸಿಗೆ, ಕೈತೊಳೆಯುವ ಬೇಸಿನ್ನು, ಒಲೆ, ಮೂಲೆಯಲ್ಲೊಂದು ಫ್ರಿಜ್ಜು ಎಲ್ಲವೂ ಇರುವ ಇದನ್ನು ಮನೆ ಬಿಟ್ಟು ಹೋಗುವ ಗಾಡಿ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಮನೆಯನ್ನೇ ಹೊತ್ತುಕೊಂಡು ಹೋಗುವ ಗಾಡಿ. ಇರಲಿ, ಅಲ್ಲಿ ಅಡುಗೆ ಯಾರು ಮಾಡಬೇಕು ಎಂಬ ಹಳೆಯ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ. ನನ್ನ ತಕರಾರು ಆ ಮೂಲೆಯ ಫ್ರಿಜ್ಜಿನದು. ದಿನಕ್ಕೆ ಹತ್ತು ಸಲ ಅದರ ಬಾಗಿಲು ತೆಗೆಯುವವಳಿಗೆ ಅದು ಹೇಗೆ ನಡೆಯುತ್ತದೆಂದು ಯಾರೂ ಹೇಳುವುದಿಲ್ಲ. ಕೆಟ್ಟರೆ ಮಾತ್ರ ಎಲ್ಲರೂ ಅವಳನ್ನೇ ಕೇಳುತ್ತಾರೆ.

ನಾವಿರುವುದು ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿಬಿಟ್ಟ ಬಡಾವಣೆ ಇದು. ಹಿಂದಿನ ರಸ್ತೆಯಲ್ಲೂ ಮುಂದಿನ ರಸ್ತೆಯಲ್ಲೂ ಪೀಜಿಗಳು. ಒಂದು ಸ್ಕೂಟರ್ ನಿಲ್ಲಿಸಬೇಕಾದರೂ ನಾಲ್ಕು ಜನರನ್ನು ಕೇಳಬೇಕು. ಅಂಥಲ್ಲಿ ನನ್ನ ಮೈದುನ ಹಳೆಯದೊಂದು ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕೀಳಿಸಿ, ವರ್ಕ್‌ಶಾಪೊಂದರಲ್ಲಿ ಅದರೊಳಗೆ ಮನೆ ಕಟ್ಟಿಸಿದ. ಗಾಡಿಯ ರೂಪ ಹೀಗೆ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಒಪ್ಪಿಗೆ ಪಡೆಯಬೇಕು. ಆರ್‌ಟಿಓ ಕಚೇರಿಗೆ ಅಲೆದು ಆ ಕಾಗದಗಳನ್ನು ಅವನು ಅಚ್ಚುಕಟ್ಟಾಗಿ ಮಾಡಿಸಿದ, ಆ ಮಾತು ಹೇಳಲೇಬೇಕು. ಫ್ರಿಜ್ಜು ಮಾತ್ರ ಹೊರದೇಶದ್ದು, ಮೂರು ಬಗೆಯಲ್ಲಿ ನಡೆಯುವಂಥದು: ನಿಂತ ಕಡೆ ಮನೆಯ ಕರೆಂಟು, ಓಡುವಾಗ ಗಾಡಿಯ ಬ್ಯಾಟರಿ, ಎರಡೂ ಇಲ್ಲದಲ್ಲಿ ಗ್ಯಾಸು.

ಗಾಡಿ ನೋಡಲು ನಾನೂ ನನ್ನ ವಾರಗಿತ್ತಿಯೂ ಹೋಗಿದ್ದೆವು. "ಅಲ್ಲಪ್ಪಾ, ಉರಿ ಹಚ್ಚಿದ್ರೆ ತಣ್ಣಗಾಗೋದು ಹೇಗೆ?" ಎಂದು ಅಲ್ಲಿನವನನ್ನು ಕೇಳಿದೆ. "ನಿಮಗ್ಯಾಕೆ ಮೇಡಂ ಅದೆಲ್ಲ? ಸಾರ್‌ಗೆ ಹೇಳಿದ್ದೀನಿ. ನೀವು ಹಾಲು ಮೊಸರು ಇಟ್ಕೊಳ್ಳಿ, ಸಾಕು" ಎಂದ. ಸಾರ್ ಆಗ ಹೊರಗೆ ನಿಂತು ಟೈರು ಒದ್ದು ನೋಡುತ್ತಿದ್ದರು. ಕೈಪಿಡಿ ಆರ್‌ಸಿ ಪುಸ್ತಕ, ಇನ್ಶೂರೆನ್ಸ್ ಕಾಗದಗಳ ಜೊತೆ ಡ್ರೈವರ್ ಸೀಟಿನ ಪಕ್ಕದ ಪೆಟ್ಟಿಗೆ ಸೇರಿತು.

ನಮಗ್ಯಾಕೆ ಎಂಬುದನ್ನೇ ಈಗ ಹೇಳುತ್ತೇನೆ. ಇದರಲ್ಲಿ ನಮಗೆ ತಿಳಿಯದ್ದೇನೂ ಇಲ್ಲ. ಇಂಜೆಕ್ಷನ್ ಚುಚ್ಚುವ ಮುಂಚೆ ನರ್ಸು ಸ್ಪಿರಿಟ್ ಒರೆಸಿದರೆ ತೋಳು ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುತ್ತದೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ, ಅಷ್ಟೆ. ಮನೆಯ ಫ್ರಿಜ್ಜಿನಲ್ಲಿ ಆ ಆವಿಯನ್ನು ಒತ್ತಿ ಮತ್ತೆ ದ್ರವ ಮಾಡಲು ಕಂಪ್ರೆಸರ್ ಇದೆ. ಗ್ಯಾಸ್ ಫ್ರಿಜ್ಜಿಗೆ ಅದಿಲ್ಲ. ಅದರ ಬೆನ್ನ ಹಿಂದಿನ ಕೊಳವೆಗಳಲ್ಲಿ ಅಮೋನಿಯಾ ಕರಗಿದ ನೀರು, ಕೆಳಗೆ ದೀಪದ ಕುಡಿಯಷ್ಟು ಉರಿ. ಕಾದಾಗ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ. ಮೇಲೆ ಗಾಳಿಗೆ ತಣಿದು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುತ್ತ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಕೊನೆಗೆ ನೀರಿನಲ್ಲಿ ಕರಗಿ ಇಳಿದು ಉರಿಯ ಬಳಿಗೇ ಬರುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. ಆದರೆ ದ್ರವ ತಾನಾಗಿ ಕೆಳಕ್ಕೆ ಹರಿದು ಬರಬೇಕು. ಅದನ್ನು ತಳ್ಳುವವರು ಯಾರೂ ಇಲ್ಲ.

ಇದು ನಿನ್ನೆ ಮೊನ್ನೆಯದಲ್ಲ. ಸ್ವೀಡನ್ನಿನ ವಾನ್ ಪ್ಲಾಟೆನ್, ಮುಂಟೆರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಮಾಡಿದ್ದನ್ನು ಎಲೆಕ್ಟ್ರೋಲಕ್ಸ್ ಕಂಪನಿ 1925ರಿಂದ ಮಾರುಕಟ್ಟೆಗೆ ತಂದಿತು. ಕರೆಂಟಿಲ್ಲದ ನಮ್ಮ ಮಲೆನಾಡಿನ ಎಸ್ಟೇಟ್ ಬಂಗಲೆಗಳಿಗೂ ಇದೇ ಜಾತಿಯ ಸೀಮೆಎಣ್ಣೆ ಫ್ರಿಜ್ಜುಗಳು ಬಂದಿದ್ದವು. ಮೂಡಿಗೆರೆ ಕಡೆಯ ತೋಟದಲ್ಲಿದ್ದ ನನ್ನ ಸೋದರತ್ತೆ ಅಂಥದೊಂದನ್ನು ವರ್ಷಗಟ್ಟಲೆ ಸಾಕಿದರು. ಸಾಕಿದರು ಎಂದೇ ಹೇಳಬೇಕು. ವಾರಕ್ಕೊಮ್ಮೆ ನೆಲಕ್ಕೆ ಕೂತು ಬತ್ತಿ ಕತ್ತರಿಸುವುದು, ಮಸಿ ಒರೆಸುವುದು, ಉರಿ ನೀಲಿಯಾಗುವವರೆಗೆ ಬತ್ತಿ ಏರಿಸಿ ಇಳಿಸಿ ನೋಡುವುದು. ಹಳದಿ ಉರಿ ಕಂಡರೆ "ಇವತ್ತು ಇದಕ್ಕೆ ಮೈ ಸರಿಯಿಲ್ಲ" ಎನ್ನುವರು. ನಾಲ್ಕನೇ ಕ್ಲಾಸು ಓದಿದ ಹೆಂಗಸು. ಆ ಯಂತ್ರದ ವಿಷಯದಲ್ಲಿ ಮಾವ ಅವರನ್ನು ಕೇಳದೆ ಕೈ ಹಾಕುತ್ತಿರಲಿಲ್ಲ.

ನಮ್ಮ ವ್ಯಾನಿನ ಕತೆಗೆ ಬರುತ್ತೇನೆ. ಮೇ ತಿಂಗಳಲ್ಲಿ ಸಕಲೇಶಪುರದಾಚೆಯ ಒಂದು ತೋಟದ ಮನೆಗೆ ಹೋದೆವು. ಅಂಗಳ ಇಳಿಜಾರು. ಹಳ್ಳ ಚೆನ್ನಾಗಿ ಕಾಣಲಿ ಎಂದು ಮೈದುನ ಗಾಡಿಯ ಮೂತಿಯನ್ನು ಏರಿಗೆ ಕೊಟ್ಟು ನಿಲ್ಲಿಸಿ, ಫ್ರಿಜ್ಜನ್ನು ಗ್ಯಾಸಿಗೆ ಹಾಕಿದ. ಬೆಳಿಗ್ಗೆ ನೋಡಿದರೆ ಹಾಲು ಒಡೆದಿತ್ತು, ದೋಸೆ ಹಿಟ್ಟು ಉಕ್ಕಿ ತಟ್ಟೆಗಿಳಿದಿತ್ತು. ಹಿಟ್ಟು ಹೋದರೆ ಹೋಗಲಿ, ಮೇಲಿನ ಅರೆಯಲ್ಲಿ ನಮ್ಮತ್ತೆಯ ಇನ್ಸುಲಿನ್ ಇತ್ತು. ತೆರೆಯದ ಶೀಸೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕೆಂದು ಡಬ್ಬಿಯ ಮೇಲೆಯೇ ಇರುತ್ತದೆ. ಎಪ್ಪತ್ತಾರು ವರ್ಷದ ಅವರು ಏನೂ ಮಾತಾಡದೆ ಶೀಸೆಯನ್ನು ಕೆನ್ನೆಗೆ ಒತ್ತಿ ನೋಡಿ ಕೆಳಗಿಟ್ಟರು. ಮೈದುನ ಮಾತ್ರ ತಕ್ಷಣ ಹೇಳಿದ: "ಎಷ್ಟು ಸಲ ಬಾಗಿಲು ತೆಗೀತೀರಾ ಅತ್ತಿಗೆ ನೀವಿಬ್ರೂ? ಅದಕ್ಕೇ ಹೀಗೆ."

ನೋಡಿದಿರಾ, ತೀರ್ಪು ಎಷ್ಟು ಬೇಗ ಬಂತು! ವಾರಗಿತ್ತಿಯ ಕಣ್ಣಲ್ಲಿ ನೀರು. ನಾನು ಕೈಪಿಡಿ ತೆಗೆಸಿ, ಮೆಟ್ಟಿಲ ಮೇಲೆ ಕೂತು ಓದಿದೆ. ಎರಡನೆಯ ಪುಟದಲ್ಲಿಯೇ ಚೌಕ ಹಾಕಿ ಅಚ್ಚು ಮಾಡಿದ್ದರು: ಗಾಡಿ ಸಮತಟ್ಟಾಗಿ ನಿಂತಿರಬೇಕು. ಓಡುವಾಗ ಘಟ್ಟದ ಏರಿಳಿತದಲ್ಲಿ ದ್ರವ ಅತ್ತಿತ್ತ ತುಳುಕಿ ಹೇಗೋ ಸರಿಹೋಗುತ್ತದೆ. ಒಂದೇ ಕಡೆ ವಾಲಿ ನಿಂತರೆ ಹರಿದು ಬರಬೇಕಾದದ್ದು ಬರುವುದಿಲ್ಲ. ಉರಿ ಮಾತ್ರ ಖಾಲಿ ಕೊಳವೆಯನ್ನು ಕಾಯಿಸುತ್ತಿರುತ್ತದೆ. ಹಾಗೆ ಬಹಳ ಹೊತ್ತು ಕಾದರೆ ಕೊಳವೆಗೆ ತುಕ್ಕು ಹಿಡಿಯದಿರಲೆಂದು ಹಾಕಿದ ರಾಸಾಯನಿಕ ಒಳಗೇ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಆಮೇಲೆ ಆ ಫ್ರಿಜ್ಜಿನಲ್ಲಿ ಪಾತ್ರೆ ಜೋಡಿಸಿಡಬಹುದು, ಅಷ್ಟೆ.

ಉರಿ ಆರಿಸಿ, ಒಂದು ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ಫ್ರಿಜ್ಜಿನೊಳಗಿಟ್ಟೆ. ನೀರು ತಟ್ಟೆಯ ಸುತ್ತ ಒಂದೇ ಮಟ್ಟಕ್ಕೆ ಬರುವವರೆಗೆ ಚಕ್ರದ ಕೆಳಗೆ ಹಲಗೆ ಕೊಡಿಸಿದೆ. ಹಿಂದುಗಡೆ ಹೋಗಿ ನೋಡಿದರೆ ಇನ್ನೊಂದು ಚೋದ್ಯ. ಫ್ರಿಜ್ಜಿನ ಬೆನ್ನಿಗೆ ಗಾಳಿಯಾಡಲು ಗಾಡಿಯ ಹೊರಮೈಯಲ್ಲಿ ಕೆಳಗೊಂದು ಮೇಲೊಂದು ಜಾಲರಿ ಇರಬೇಕು. ಕೆಳಗಿಂದ ತಂಗಾಳಿ ಹೊಕ್ಕು ಮೇಲಿಂದ ಬಿಸಿಗಾಳಿ ಹೋಗಬೇಕು. ಕೆಳಗಿನ ಜಾಲರಿಯ ಮೇಲೆ ವರ್ಕ್‌ಶಾಪಿನವರು ಅಂದಕ್ಕೆಂದು ಬೆಟ್ಟದ ಚಿತ್ರದ ಸ್ಟಿಕರ್ ಅಂಟಿಸಿಬಿಟ್ಟಿದ್ದರು! ಉಗುರಿನಿಂದ ಕೆರೆದು ಕಿತ್ತೆ. ರಾತ್ರಿ ಊಟದ ಹೊತ್ತಿಗೆ ಬಾಟಲಿಯ ನೀರು ತಣ್ಣಗಾಗಿತ್ತು. ಅಷ್ಟರಲ್ಲಿ ಇನ್ಸುಲಿನ್ ತೋಟದವರ ಮನೆಯ ಫ್ರಿಜ್ಜಿಗೆ ಹೋಗಿತ್ತು. ಡಾಕ್ಟರಿಗೆ ಫೋನ್ ಮಾಡಿದಾಗ ಒಂದು ರಾತ್ರಿಗೆ ತೊಂದರೆಯಿಲ್ಲ, ಆ ಶೀಸೆಗಳನ್ನೇ ಮೊದಲು ಬಳಸಿ ಮುಗಿಸಿ ಎಂದರು. ನಾಲ್ಕು ದಿನ ಹಾಗೇ ಬಿಟ್ಟಿದ್ದರೆ?

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉರಿ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಉರಿಯ ಹೊಗೆ ನೇರ ಹೊರಗೆ ಹೋಗಬೇಕು; ಫ್ರಿಜ್ಜಿನ ಬೆನ್ನಿಗೂ ನಾವು ಮಲಗುವ ಜಾಗಕ್ಕೂ ನಡುವೆ ಒಂದು ಸಂದೂ ಇರಬಾರದು. ಅಮೆರಿಕದಲ್ಲಿ ಸರ್ವೆಲ್ ಎಂಬ ಹೆಸರಿನ ಹಳೆಯ ಗ್ಯಾಸ್ ಫ್ರಿಜ್ಜುಗಳನ್ನು ಇನ್ನೂ ಬಳಸುತ್ತಿದ್ದವರು ಈ ಅನಿಲದಿಂದ ಸತ್ತು, ಅವನ್ನು ಬಳಸಬೇಡಿರೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಕೆ ಕೊಟ್ಟಿದೆ. ಮುಚ್ಚಿದ ವ್ಯಾನಿನಲ್ಲಿ ಮಕ್ಕಳು ಮಲಗಿರುತ್ತಾರೆ. ಇದನ್ನು ಪತ್ತೆ ಹಚ್ಚಿ ಕೂಗುವ ಪುಟ್ಟ ಯಂತ್ರಗಳು ಸಿಗುತ್ತವೆ. ಲಕ್ಷಗಟ್ಟಲೆ ಸುರಿದು, ಟೀವಿಗೆ ಜಾಗ ಮಾಡಿ, ಇದೊಂದನ್ನು ಬಿಡುವ ಬುದ್ಧಿಗೆ ಏನು ಹೇಳೋಣ?

"ಮನೆ ಸಿಲಿಂಡರೇ ಇಡಿ ಸಾರ್, ಯಾರು ನೋಡ್ತಾರೆ" ಎಂಬ ಸಲಹೆಯೂ ಅಲ್ಲಿಯೇ ಸಿಕ್ಕಿತ್ತು. ಮನೆಯಡುಗೆಗೆ ಕೊಟ್ಟ 14.2 ಕಿಲೋ ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸುವುದನ್ನು 2000ನೇ ಇಸವಿಯ ಎಲ್‌ಪಿಜಿ ಆದೇಶ ನಿಷೇಧಿಸಿದೆ. ಕಾನೂನಿನ ಮಾತಿರಲಿ, ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹೊಳೆಯ ಹಾಗೆ ತುಂಬಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಗೂಡು ಒಳಗಿನಿಂದ ಪೂರ್ತಿ ಬೇರೆಯಾಗಿದ್ದು, ತಳದಲ್ಲಿ ಹೊರಕ್ಕೆ ತೂತಿರಬೇಕು. ಪೆಟ್ರೋಲ್ ಬಂಕಿಗೆ ತಿರುಗುವ ಮುಂಚೆ ಉರಿ ಆರಿರಬೇಕು. ಮುಂದೆ ಕೂತವನಿಗೆ ನೆನಪಿರುವುದಿಲ್ಲ; ಹಿಂದೆ ಕೂತವಳಿಗೆ ಯಾರೂ ಹೇಳಿರುವುದಿಲ್ಲ.

ಉಳಿದದ್ದೆಲ್ಲ ಗೃಹಕೃತ್ಯದ ಮಾತು. ಈ ಫ್ರಿಜ್ಜು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಹೊರಡುವ ಹಿಂದಿನ ರಾತ್ರಿಯೇ ಕಿಟಕಿಯಿಂದ ವೈರು ಎಳೆದು ಮನೆಯ ಕರೆಂಟಿನಲ್ಲಿ ತಣಿಸಿಡಬೇಕು. (ನಮ್ಮ ಬೀದಿಯ ಪೀಜಿ ಹುಡುಗರಿಗೆ ಅದೊಂದು ತಮಾಷೆ.) ಬಿಸಿ ಸಾರಿನ ಪಾತ್ರೆ ಇಡಕೂಡದು, ಗಾಳಿಯಾಡದಂತೆ ತುರುಕಕೂಡದು. ಇಂಜಿನ್ ನಿಂತ ಮೇಲೆ ಬ್ಯಾಟರಿಯ ಮೇಲೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಬ್ಯಾಟರಿ ಸತ್ತಿರುತ್ತದೆ. ಬಹಳ ದಿನ ಗಾಡಿ ನಿಂತಿದ್ದರೆ ಬರ್ನರಿನ ಬಾಯಲ್ಲಿ ಜೇಡ ಬಲೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ತಿಳಿದವರಿಂದ ಶುಚಿ ಮಾಡಿಸಬೇಕು. ಹಿಂದುಗಡೆ ಅಮೋನಿಯಾದ ಘಾಟು ಬಂದರೆ, ಹಳದಿ ಪುಡಿ ಕಂಡರೆ, ಆರಿಸಿ ದೂರ ಸರಿಯಬೇಕು. ಬಳಸದಿರುವಾಗ ಅಡುಗೆ ಸೋಡಾದ ನೀರಲ್ಲಿ ಒರೆಸಿ ಬಾಗಿಲನ್ನು ಓರೆ ಮಾಡಿಟ್ಟರೆ ಬೂಷ್ಟು ಹಿಡಿಯುವುದಿಲ್ಲ.

"ಹೆಂಗಸರಿಗೆ ಇದರಲ್ಲೆಲ್ಲ ಆಸಕ್ತಿಯಿಲ್ಲ" ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದದ್ದನ್ನು ಸೀಟಿಯ ಸದ್ದಿನಲ್ಲೇ ಗುರುತಿಸುವವರು ಯಾರು? ಮಿಕ್ಸಿಯ ಬ್ಲೇಡು ಬಿಗಿ ಮಾಡುವವರು ಯಾರು? ನಮ್ಮ ಮನೆಗೆ ಮೊದಲು ಗ್ಯಾಸು ಬಂದಾಗ ಏಜೆನ್ಸಿಯ ಹುಡುಗ ರೆಗ್ಯುಲೇಟರ್ ಹಾಕಿ, ತೆಗೆದು, ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದನ್ನು ತೋರಿಸಿದ್ದು ನನಗೆ, ನನ್ನ ಯಜಮಾನರಿಗಲ್ಲ. ಅದೇ ಗ್ಯಾಸು ಗಾಲಿಯ ಮೇಲೆ ಹತ್ತಿದ ಕೂಡಲೇ ಗಂಡಸರ ವಿದ್ಯೆಯಾಗಿಬಿಡುತ್ತದೆ!

ರೂತ್ ಶ್ವಾರ್ಟ್ಜ್ ಕೋವನ್ ಎಂಬ ಅಮೆರಿಕದ ಇತಿಹಾಸಕಾರ್ತಿ 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಎಂಬ ಪುಸ್ತಕ ಬರೆದರು. ಸದ್ದಿಲ್ಲದ ಗ್ಯಾಸ್ ಫ್ರಿಜ್ಜು ಅಲ್ಲಿನ ಮನೆಗಳಿಂದ ಮರೆಯಾದದ್ದು ಅದು ಕೆಟ್ಟದ್ದೆಂದಲ್ಲ, ಕರೆಂಟ್ ಫ್ರಿಜ್ಜು ಮಾಡುವ ಕಂಪನಿಗಳ ಕೈಯಲ್ಲಿ ಹಣವೂ ಬಲವೂ ಹೆಚ್ಚಾಗಿತ್ತೆಂದು ಎನ್ನುತ್ತಾರೆ ಅವರು. ಯಂತ್ರಗಳು ಬಂದ ಮೇಲೂ ಅಮ್ಮನ ಕೆಲಸ ಕಡಿಮೆಯಾಗಲಿಲ್ಲ ಎಂಬುದು ಪುಸ್ತಕದ ಮುಖ್ಯ ವಾದ. ಯಾವ ಫ್ರಿಜ್ಜು ಅಡುಗೆಮನೆಗೆ ಬರಬೇಕೆಂದು ಆಗಲೂ ಅಡುಗೆಮನೆಯಲ್ಲಿ ನಿರ್ಧಾರವಾಗಲಿಲ್ಲ.

ಈಗಿನ ವ್ಯಾನುಗಳಿಗೆ ಬ್ಯಾಟರಿಯ ಮೇಲೇ ನಡೆಯುವ ಸಣ್ಣ ಕಂಪ್ರೆಸರ್ ಫ್ರಿಜ್ಜುಗಳು ಬಂದಿವೆ, ಉರಿಯೂ ಬೇಡ ಮಟ್ಟವೂ ಬೇಡ ಎನ್ನುತ್ತೀರಾ? ನಿಜ. ಚಾವಣಿಗೆ ಸೌರಫಲಕ ಹಾಕಿಸಿದರೆ ನಮ್ಮ ಸೆಕೆಗೆ ಅದೇ ಮೇಲು. ಕೊಳ್ಳುವವರು ನನ್ನನ್ನು ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಎಷ್ಟು ಬ್ಯಾಟರಿ ಬೇಕು, ಮೂರು ದಿನ ಮೋಡ ಕವಿದರೆ ಏನು ಗತಿ ಎಂಬ ಲೆಕ್ಕವನ್ನೂ "ಸಾರ್‌ಗೆ ಹೇಳಿದ್ದೀನಿ" ಎನ್ನುವವನೇ ಹೇಳುವುದಾದರೆ ಇನ್ಸುಲಿನ್ನಿನ ಪಾಡು ಬದಲಾಗುವುದಿಲ್ಲ.

ಕೈಪಿಡಿಯಲ್ಲಿ ಬೇಕಾದಷ್ಟನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಪಕ್ಕದ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ. ವಾರಗಿತ್ತಿ ಈಗ ಗಾಡಿ ನಿಂತ ಕೂಡಲೇ ತಟ್ಟೆಯಲ್ಲಿ ನೀರು ಇಟ್ಟು, "ಇನ್ನೊಂದಂಗುಲ ಎಡಕ್ಕೆ ರೀ" ಎಂದು ಗಂಡನನ್ನು ಕೂಗುತ್ತಾಳೆ. ಮೊನ್ನೆ ಉಡುಪಿ ಗಾರ್ಡನ್ ಬಸ್‌ಸ್ಟಾಪಿನಲ್ಲಿ ಸಿಕ್ಕ ಪರಿಚಯದವರೊಬ್ಬರು ತಾವೂ ಅಂಥದೇ ವ್ಯಾನು ಮಾಡಿಸುತ್ತಿರುವುದಾಗಿ ಹೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬಾಕಿ ಹಣ ಕೊಡುವ ದಿನ ನೀವೂ ಹೋಗಿ. ಉರಿಯನ್ನು ನಿಮ್ಮ ಕೈಯಿಂದಲೇ ಹಚ್ಚಿಸಿ ಆರಿಸಿ ತೋರಿಸಲಿ. ಜಾಲರಿ ಎಲ್ಲಿದೆ, ಸಿಲಿಂಡರ್ ಗೂಡಿನ ತೂತು ಎಲ್ಲಿದೆ, ಹೊಗೆ ಹೊರಗೆ ಹೋಗುವುದು ಎಲ್ಲಿಂದ ಎಂದು ಬೆರಳಿಟ್ಟು ತೋರಿಸಲಿ. ಅಲ್ಲಿಯವರೆಗೆ ಚೆಕ್ಕು ನಿಮ್ಮ ವ್ಯಾನಿಟಿ ಬ್ಯಾಗಿನಲ್ಲೇ ಇರಲಿ.